ಕುರಿ ಹತ್ತಿಸುವ ಹಲಗೆ

ಕರಗಿದ ಮೇಣಕ್ಕೆ ಒಂದು ವಾಸನೆ ಇದೆ. ಮೇಣದಬತ್ತಿಯ ವಾಸನೆಯಲ್ಲ ಅದು; ಬತ್ತಿಯಲ್ಲಿ ಸುಟ್ಟ ದಾರದ ಘಾಟೂ ಬೆರೆತಿರುತ್ತದೆ. ನಾನು ಹೇಳುವುದು ದೊಡ್ಡ ಪಾತ್ರೆಯಲ್ಲಿ, ಸಣ್ಣ ಉರಿಯ ಮೇಲೆ, ಯಾವ ಅವಸರವೂ ಇಲ್ಲದೆ ಕರಗಿ ನಿಂತ ಬಿಳಿ ಮೇಣದ ವಾಸನೆ. ಕಳೆದ ವಾರ ವಿಜಯಪುರದ ಒಂದು ಚಿಕಿತ್ಸಾಲಯದಲ್ಲಿ ಅದು ನನ್ನನ್ನು ಹಿಡಿದು ಕೂರಿಸಿತು. ಈಚೆಗೆ ಬೆಳಿಗ್ಗೆ ಎದ್ದರೆ ಬಲಗೈ ಬೆರಳುಗಳು ಮಡಚುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಚಹಾ ಆರಿರುತ್ತದೆ. ಮಗಳು ಬೈದು ಕಳಿಸಿದ್ದಳು. ಅಲ್ಲಿಯ ಹುಡುಗಿ ನನ್ನ ಕೈಯನ್ನು ಬಿಸಿ ಮೇಣದಲ್ಲಿ ಅದ್ದಿ ತೆಗೆದು, ಮತ್ತೆ ಅದ್ದಿ, "ಅಜ್ಜಾರ, ಸುಡಾಕತ್ತೈತೇನ್ರಿ? ಸುಟ್ರ ಹೇಳ್ರಿ, ನಾಚ್ಕೋಬ್ಯಾಡ್ರಿ" ಅಂದಳು. ಇದೇ ಮಾತನ್ನು ಇದೇ ಊರಿನಲ್ಲಿ ಎಷ್ಟೋ ಕೈಗಳಿಗೆ ನಾನೇ ಹೇಳಿದವನು ಎಂದು ಆಕೆಗೆ ತಿಳಿಸಲಿಲ್ಲ. ತಿಳಿಸಿದ್ದರೆ ಇನ್ನಷ್ಟು ಜಾಗ್ರತೆಯಿಂದ ಹಿಡಿಯುತ್ತಿದ್ದಳು. ಜಾಗ್ರತೆ ಹೆಚ್ಚಾದರೆ ಮೇಣ ಆರಿಹೋಗುತ್ತದೆ. ಏಳನೆಯ ಸಲ ಅದ್ದಿ, ಟವೆಲ್ ಸುತ್ತಿ, "ಇಪ್ಪತ್ತ ನಿಮಿಷ ಹಿಂಗ ಕುಂದರ್ರಿ" ಎಂದು ಹೋದಳು. ನಾನು ಕಣ್ಣು ಮುಚ್ಚಿದೆ. ಇಪ್ಪತ್ತು ನಿಮಿಷದಲ್ಲಿ ಐವತ್ತು ವರ್ಷ ಹಿಂದೆ ಹೋಗಿ ಬರಬಹುದು, ದಾರಿ ಗೊತ್ತಿದ್ದರೆ.

ಆಗ ಈ ಊರು ಬಿಜಾಪುರ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನು ಕೆಲಸಕ್ಕೆ ಸೇರಿದ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅದು ಈಗ ಇಲ್ಲ, ಇದ್ದವರೂ ಬಹಳ ಮಂದಿ ಇಲ್ಲ. ಊರಿನ ಅನೇಕ ಕಚೇರಿಗಳ ಹಾಗೆ ನಮ್ಮ ವಿಭಾಗವೂ ಹಳೆಯ ಕಲ್ಲು ಕಟ್ಟಡವೊಂದರಲ್ಲಿ ಇತ್ತು. ಕಮಾನಿನ ಬಾಗಿಲು, ದಪ್ಪ ಗೋಡೆ, ಬೇಸಿಗೆಯಲ್ಲೂ ತಣ್ಣಗಿರುವ ನೆಲ. ಫಿಜಿಯೋಥೆರಪಿ ಎಂಬ ಮಾತು ಯಾರ ಬಾಯಲ್ಲೂ ತಿರುಗುತ್ತಿರಲಿಲ್ಲವಾಗಿ ಜನ ಅದನ್ನು ಮೇಣದ ಖೋಲಿ ಅನ್ನುತ್ತಿದ್ದರು. ಒಳಗೆ ಮೇಣದ ಪಾತ್ರೆ, ಹಿಡಿದು ನಡೆಯಲು ಎರಡು ಉದ್ದನೆಯ ಕಂಬಿ, ಒಂದು ದೊಡ್ಡ ಕನ್ನಡಿ, ಮತ್ತು ಮೂಲೆಯಲ್ಲಿ ಮರದ ಮೂರು ಮೆಟ್ಟಿಲು. ಆ ಮೆಟ್ಟಿಲು ಎಲ್ಲಿಗೂ ಹೋಗುತ್ತಿರಲಿಲ್ಲ. ಕಾಲು ಸೋತವರು ಹತ್ತಿ ಇಳಿದು ರೂಢಿ ಮಾಡಿಕೊಳ್ಳಲೆಂದು ಮಾಡಿಸಿದ್ದು. ಹತ್ತಿದರೆ ಗೋಡೆ, ತಿರುಗಿ ಇಳಿದರೆ ನೆಲ.

ಈಗ ನೀವು ನನ್ನ ಜೊತೆ ಹೊರಗೆ ಬಂದು ನೋಡಬೇಕು. ಆ ಮರದ ಮೆಟ್ಟಿಲನ್ನು ಮುಟ್ಟಬೇಕಾದರೆ ಬಾಗಿಲ ಮುಂದಿನ ಕಲ್ಲಿನ ಮೂರು ಮೆಟ್ಟಿಲು ಹತ್ತಬೇಕಿತ್ತು. ನಮ್ಮಲ್ಲಿಗೆ ಬರುವವರೆಲ್ಲ ಮೆಟ್ಟಿಲು ಹತ್ತಲಾರದವರು. ಇದರಲ್ಲಿ ಏನೋ ಎಡವಟ್ಟಿದೆ ಎಂದು ನಾನು ಅಲ್ಲಿದ್ದ ಮೊದಲ ಎರಡು ವರ್ಷ ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸದೇ ಇದ್ದುದಕ್ಕೆ ಕಾರಣ ಹುಸೇನಸಾಬ.

ಹುಸೇನಸಾಬ ನಮ್ಮ ವಾರ್ಡಿನ ಆಳು. ಆರಡಿ ಎತ್ತರ, ಕಮಾನಿನ ಕೆಳಗೆ ತಲೆ ಬಾಗಿಸಿಯೇ ಬರುತ್ತಿದ್ದ. ಎತ್ತುವುದು ಅವನ ಕೆಲಸ. ಟಾಂಗಾದಲ್ಲಿ ಬಂದವರನ್ನು, ಬಂಡಿಯಲ್ಲಿ ಬಂದವರನ್ನು, ಮಗನ ಬೆನ್ನ ಮೇಲೆ ಬಂದವರನ್ನು ಅವನು ಎರಡು ಕೈಯಲ್ಲಿ ಎತ್ತಿಕೊಂಡು ಮೂರು ಮೆಟ್ಟಿಲು ಹತ್ತುತ್ತಿದ್ದ. ಮೊದಲ ಮೆಟ್ಟಿಲಿಗೆ ಊರು ಕೇಳುವನು, ಎರಡನೆಯದಕ್ಕೆ ಮಳೆ ಹೇಗಿದೆ ಎಂದು ಕೇಳುವನು, ಮೂರನೆಯದಕ್ಕೆ ಏನಾದರೊಂದು ಅಂದು ನಗಿಸುವನು. ಅರಕೇರಿಯಿಂದ ಬರುತ್ತಿದ್ದ, ಲಕ್ವಾ ಹೊಡೆದ ಮುದುಕರೊಬ್ಬರು, "ಮದಲಗಿತ್ತಿ ಹೊತ್ತಂಗ ಹೊರ್ತಿಯಲ್ಲೋ ಹುಸೇನಿ" ಎಂದು ವಾರೆಬಾಯಲ್ಲೇ ನಗುತ್ತಿದ್ದರು. ಎತ್ತುವುದು ನಮ್ಮ ಕಡೆ ಪ್ರೀತಿಯ ಲಕ್ಷಣ. ಬಸ್ಸಿನ ಬಾಗಿಲಲ್ಲಿ ಮುದುಕಿ ನಿಂತರೆ ಒಳಗಿನಿಂದ ನಾಲ್ಕು ಕೈ ಬರುತ್ತವೆ. ಅಷ್ಟು ಕೈಗಳಿರುವ ಊರಿನಲ್ಲಿ ಮೆಟ್ಟಿಲು ಯಾರ ಕಣ್ಣಿಗೆ ಬೀಳಬೇಕು?

ಕಸ್ತೂರಿಯೂ ಮೊದಲು ಹಾಗೆಯೇ, ಹುಸೇನಸಾಬನ ಕೈಯಲ್ಲಿ ಒಳಗೆ ಬಂದವಳು. ಬಿಜ್ಜರಗಿಯವಳು, ಕುರಿ ಕಾಯುವ ಮಾಳಪ್ಪನ ಮಗಳು. ಮೂರನೆಯ ವರ್ಷಕ್ಕೆ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಅಪ್ಪ ಆಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ತಿಕೋಟಾದ ಶಾಲೆಗೆ ಒಯ್ದು, ಬಿಡುವ ತನಕ ಅಲ್ಲೇ ಬಯಲಲ್ಲಿ ಕುರಿ ಮೇಯಿಸಿಕೊಂಡಿದ್ದು, ತಿರುಗಿ ಹೊತ್ತು ತರುತ್ತಿದ್ದನಂತೆ. ಹಾಗೆ ಆಕೆ ಎಸ್ಸೆಸ್ಸೆಲ್ಸಿ ಪಾಸಾದಳು. ಸೊಲ್ಲಾಪುರದಿಂದ ಯಾರೋ ಒಂದು ಹಳೆಯ ಗಾಲಿಕುರ್ಚಿ ಕೊಡಿಸಿದ ಮೇಲೆ ಆಕೆಯ ಮುಖವೇ ಬದಲಾಯಿತು. ಬಸ್ಸಿನ ಮೇಲೆ ಕುರ್ಚಿ, ಒಳಗೆ ಆಕೆ. ಇಳಿದ ಮೇಲೆ ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಯ ತನಕ ತಾನೇ ಗಾಲಿ ತಿರುಗಿಸಿಕೊಂಡು ಬರುತ್ತಿದ್ದಳು. ಮಾಳಪ್ಪ ಹೆಗಲ ಮೇಲೆ ಕಂಬಳಿ ಮಾತ್ರ ಹೊತ್ತು, ಹೆಗಲು ಹಗುರಾದುದಕ್ಕೆ ಏನು ಮಾಡಬೇಕೋ ತಿಳಿಯದವನಂತೆ ಹಿಂದಿನಿಂದ ನಡೆಯುತ್ತಿದ್ದ.

ನಮ್ಮ ಅಂಗಳದಲ್ಲಿ ಒಂದು ಬೇವಿನ ಮರವಿತ್ತು. ನನ್ನ ನೆನಪಿನಲ್ಲಿ ಅಲ್ಲಿ ಯಾವಾಗಲೂ ಮಧ್ಯಾಹ್ನವೇ. ನೆರಳು ಅಲುಗದು, ಗೋಡೆಯ ಕಲ್ಲು ಜೇನಿನ ಬಣ್ಣಕ್ಕಿರುತ್ತದೆ, ಬೇವಿನ ಹೂವು ಒಂದೊಂದಾಗಿ ಯಾರದೋ ತಲೆಯ ಮೇಲೆ ಬೀಳುತ್ತಿರುತ್ತದೆ. ಅಂಥ ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಕಸ್ತೂರಿ ಅರಕೇರಿಯ ಆ ಮುದುಕರ ಎದುರು ಕುರ್ಚಿ ತಂದುಕೊಂಡು ಕೂತಿದ್ದಳು. "ಕೈ ಕೈನ್ನ ಎತ್ತಬೇಕ್ರಿ ಅಜ್ಜಾ. ಇದು ಮಲಗೇತಿ, ಅದು ಎದ್ದೈತಿ. ಎದ್ದದ್ದು ಮಲಗಿದ್ದನ್ನ ಎಬ್ಬಸ್ತೈತಿ. ಹಾಂ, ಹಂಗ. ಬೈಕೋತ ಎಬ್ಬಸ್ರಿ ಬೇಕಾದ್ರ." ಮುದುಕರು ತಮ್ಮ ಸತ್ತ ಕೈಯನ್ನು ಬೈಯುತ್ತ ಬೈಯುತ್ತ ಎದೆಯ ತನಕ ಎತ್ತಿದರು. ನಾನು ಮೂರು ವಾರದಿಂದ ಅದೇ ಕೈಯನ್ನು ಪುಸ್ತಕದ ಪ್ರಕಾರ ಎತ್ತುತ್ತಿದ್ದೆ. ಅದು ನನ್ನ ಕೈಯಲ್ಲಿ ಮಾತ್ರ ಏಳುತ್ತಿತ್ತು.

ಕಿಟಕಿಯಿಂದ ಇದನ್ನು ನೋಡಿದವರು ದೇಸಾಯಿ ಸರ, ನಮ್ಮ ವಿಭಾಗದ ಮುಖ್ಯಸ್ಥರು. ಒಳ್ಳೆಯ ಮನುಷ್ಯ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನೀವು ಅವರ ಮೇಲೆ ಸಿಟ್ಟಾಗಬಹುದು. ಸಹಾಯಕರ ಒಂದು ವರ್ಷದ ತರಬೇತಿಗೆ ಅರ್ಜಿ ಹಾಕೆಂದು ಕಸ್ತೂರಿಗೆ ಹೇಳಿದವರೇ ಅವರು. ಫಾರ್ಮು ತುಂಬಿಸಿಕೊಟ್ಟವನು ನಾನು, ಏಕೆಂದರೆ ನನ್ನ ಅಕ್ಷರ ದುಂಡಗಿದ್ದವು. ನಾನು ಅದೇ ತರಬೇತಿ ಮುಗಿಸಿ, ಅದೇ ಖೋಲಿಯಲ್ಲಿ ಕೆಲಸಕ್ಕೆ ನಿಂತವನು, ಇನ್ನೂ ಕಾಯಂ ಆಗಿರಲಿಲ್ಲ. ದುಂಡಗಿನ ಅಕ್ಷರದವರ ಪಾಡು ನಿಮಗೆ ಗೊತ್ತಿರಬೇಕು. ಎಲ್ಲರ ಬರವಣಿಗೆಯೂ ಅವರ ಕೊರಳಿಗೇ.

ಆಯ್ಕೆಯ ದಿನ ಒಳಗೆ ಮೇಜು ಹಾಕಿ ಮೂವರು ಕೂತಿದ್ದರು. ನಾನು ಮೇಲಿನ ಮೆಟ್ಟಿಲ ಮೇಲೆ ನಿಂತು, ಹೆಸರು ಕರೆದು, ಬಂದವರ ಹೆಸರಿನ ಎದುರು ಗುರುತು ಹಾಕುತ್ತಿದ್ದೆ. ಕಸ್ತೂರಿಯ ಹೆಸರು ಕರೆದಾಗ ಆಕೆ ಬೇವಿನ ಮರದಿಂದ ಗಾಲಿ ತಿರುಗಿಸುತ್ತ ಬಂದು ಮೆಟ್ಟಿಲಿಗೆ ಒಂದು ಮಾರು ದೂರ ನಿಂತಳು. ಹುಸೇನಸಾಬ ಅಂಗಿಯ ತೋಳು ಮಡಚಿ ಇಳಿದ.

"ಬ್ಯಾಡ್ರಿ ಕಾಕಾ. ಇವತ್ತ ಎತ್ತಬ್ಯಾಡ್ರಿ."

ಹುಸೇನಸಾಬ ನಿಂತ. "ಯಾಕವ್ವಾ? ನನ್ನ ಕೈ ಚುಚ್ಚತಾವೇನು?"

"ಪೇಶಂಟ್ ಆಗಿ ಬಂದಾಗ ಎತ್ತೀರಿ. ನಾ ಏನರ ಅಂದೇನೇನು? ಇವತ್ತ ಕೆಲಸಾ ಕಲಿಯಾಕ ಬಂದೇನಿ."

ಮಾಳಪ್ಪ ಕಂಬಳಿ ಕೆಳಗಿಟ್ಟು ಬಂದ. "ಅವರ ಕೈ ಬ್ಯಾಡಾದ್ರ ನನ್ನ ಹೆಗಲಾದ್ರೂ ಐತೆಲ್ಲ ಬೇ. ಹತ್ತ ನಿಮಿಷದ ಮಾತು."

"ಯಪ್ಪಾ, ನೀನೂ ಬ್ಯಾಡ."

ದೇಸಾಯಿ ಸರ ಒಳಗಿನಿಂದ ಬಂದು ನನ್ನ ಪಕ್ಕ ನಿಂತರು. "ಕಸ್ತೂರಿ, ಹಠಾ ಮಾಡಬ್ಯಾಡ. ಒಂದ ಗಳಿಗಿ ಎತ್ತಿಸ್ಕೋ. ಮೂರ ಪ್ರಶ್ನೆ ಕೇಳ್ತಾರ, ಮುಗೀತದ."

"ಒಂದ ಗಳಿಗಿ ಅಲ್ಲರಿ ಸರ. ಒಂದ ವರ್ಷ. ದಿನಕ್ಕ ನಾಕ ಸಲ. ಕಾಕಾಗ ಸೂಟಿ ಇದ್ದ ದಿನ ನನಗೂ ಸೂಟಿ ಏನ್ರಿ? ಅವರೇ ಒಂದೀಟ ಹೊರಗ ಬಂದು ಗಿಡದ ಬುಡಕ ಕೇಳ್ಲಿ. ಇಲ್ಲಾ ನಾ ಒಳಗ ಬರಾಕ ದಾರಿ ಮಾಡ್ರಿ."

"ಹಳೇ ಕಲ್ಲವ್ವಾ ಇವು. ಮುಟ್ಟಂಗಿಲ್ಲ. ಮತ್ತ ಕಮಿಟಿ ಹೊರಗ ಕೂಡೂ ಪದ್ಧತಿ ಇಲ್ಲ."

"ಪದ್ಧತಿ ಎಲ್ಲಿ ಬರದೈತ್ರಿ ಸರ?"

ಎಲ್ಲಿಯೂ ಬರೆದಿರಲಿಲ್ಲ. ಆಕೆಯ ಪರವಾಗಿಯೂ ಎಲ್ಲಿಯೂ ಏನೂ ಬರೆದಿರಲಿಲ್ಲ. ಕುರ್ಚಿಯಲ್ಲಿ ಬಂದವರಿಗೆ ದಾರಿ ಮಾಡಿಕೊಡಬೇಕು ಎನ್ನುವ ಕಾನೂನು ಈ ದೇಶದಲ್ಲಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಆಕೆ ಅರ್ಧ ತಾಸು ಅಲ್ಲೇ ಇದ್ದಳು. ಮಡಿಲಲ್ಲಿ ಪಾಸಾದ ಕಾಗದ ಇಟ್ಟುಕೊಂಡು ಮೆಟ್ಟಿಲನ್ನು ನೋಡುತ್ತಿದ್ದಳು, ಓದಲು ಬಾರದ ಲಿಪಿಯನ್ನು ನೋಡುವ ಹಾಗೆ. ಆಮೇಲೆ ಕುರ್ಚಿ ತಿರುಗಿಸಿದಳು. ದೇಸಾಯಿ ಸರ ಕಣ್ಣು ಒರೆಸಿಕೊಂಡರು ಎಂದು ನನ್ನ ನೆನಪು; ಕನ್ನಡಕ ಒರೆಸಿಕೊಂಡದ್ದೂ ಇರಬಹುದು. "ಬರೀಪಾ," ಅಂದರು ನನಗೆ. ನಾನು ಬರೆದೆ: ಅಭ್ಯರ್ಥಿ ಆವರಣಕ್ಕೆ ಬಂದಿದ್ದರು, ಹೆಸರು ಕರೆದಾಗ ಕೊಠಡಿಯೊಳಗೆ ಬರಲಿಲ್ಲ. ದುಂಡಗೆ ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೆಟ್ಟಿಲಿನ ಮಾತೂ ಇರಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು, ನಗಬೇಡಿ. ಹಿಂದಿನ ವರ್ಷದ ನನ್ನ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು: ಗಾಲಿಕುರ್ಚಿಗೆ ಮಾಡುವ ಇಳಿಜಾರು ಹೇಗಿರಬೇಕು? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂದು ಚಿತ್ರ ಸಹಿತ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆ ಉತ್ತರ ಬರೆದದ್ದು ಎಲ್ಲಿ ಕೂತು? ಅದೇ ಖೋಲಿಯಲ್ಲಿ, ಆ ಮೂರು ಮೆಟ್ಟಿಲು ಹತ್ತಿ ಹೋಗಿ.

ಆ ಮುಂದಿನ ವಾರ ನಮ್ಮನ್ನು ಬಬಲೇಶ್ವರಕ್ಕೆ ಕಳಿಸಿದರು. ಸಂತೆಯ ದಿನ ಜನ ಸೇರುತ್ತಾರೆಂದು ಅಲ್ಲಿ ಮಕ್ಕಳ ಕೈಕಾಲು ನೋಡುವ ಕೆಲಸ. ಸಂತೆಯ ತುದಿಯಲ್ಲಿ ಒಂದು ಲಾರಿ ನಿಂತಿತ್ತು, ಹಿಂದೆ ಮಾಳಪ್ಪ ಇದ್ದ. ಲಾರಿಯ ಬಾಯಿಗೆ ಒಂದು ಅಗಲವಾದ ಹಲಗೆ ಓರೆಯಾಗಿ ಆನಿಸಿ, ಕುರಿ ಹತ್ತಿಸುತ್ತಿದ್ದ. ಮೊದಲು ಒಂದು ಆಡು, ಹತ್ತುವುದೇ ತನ್ನ ಕುಲದ ಕಸುಬು ಎಂಬಂತೆ ಗತ್ತಿನಿಂದ ಹೋಯಿತು. ಅದರ ಹಿಂದೆ ಕುರಿಗಳು ಒಂದರ ಬಾಲಕ್ಕೆ ಒಂದು ಮೂತಿ ಹಚ್ಚಿ, ಬಿಳಿಯದೊಂದು ನೀರು ಮೇಲಕ್ಕೆ ಹರಿದಂತೆ ಹರಿದವು. ಧೂಳು, ಬಿಸಿಲು, ಉಣ್ಣೆಯ ವಾಸನೆ. ನಾನು ಮಾತಾಡಿಸಲು ನಾಚಿ ನಿಂತಿದ್ದೆ. ಅವನೇ ಕರೆದ.

"ಬರ್ರಿ ಸಾಹೇಬ್ರ. ಯಾಕ ದೂರ ನಿಂತೀರಿ?"

ಏನಾದರೂ ಕೇಳಬೇಕೆಂದು ಕೇಳಿದೆ: "ಮಾಳಪ್ಪಾ, ಎತ್ತಿ ಹಾಕಿದ್ರ ಲಗೂನ ಆಗಂಗಿಲ್ಲೇನು?"

"ಆಗ್ತೈತ್ರಿ. ಒಬ್ಬೊಬ್ಬರು ಎತ್ತಿ ಒಗೀತಾರ. ಕಾಲ ಉಳಕತಾವು. ಉಳಕಲಿಲ್ಲಂದ್ರೂ ಹೆದರತಾವು. ಹೆದರಿದ ಕುರಿ ಎರಡ ದಿನ ಬಾಯಿ ತೆರಿಯಂಗಿಲ್ಲ ನೋಡ್ರಿ. ತನ್ನ ಕಾಲಿಲೆ ತಾ ಹತ್ತಿದ್ರ ಅದಕೂ ಛಲೋ, ನಮಗೂ ಛಲೋ."

ಅಂದವನು ಹಲಗೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟ. ಕುರಿಗಳು ಹತ್ತುತ್ತಲೇ ಇದ್ದವು. ಅವನ ಮುಖ ನಿಧಾನವಾಗಿ ಬದಲಾದದ್ದನ್ನು ನಾನು ನೋಡಿದೆ; ಮೋಡದ ನೆರಳು ಹೊಲ ದಾಟುವುದನ್ನು ನೋಡುತ್ತೇವಲ್ಲ, ಹಾಗೆ.

"ಹದಿನೈದ ವರ್ಷ ಹೊತ್ತೇನ್ರಿ ಆಕೀನ," ಅಂದ. "ಮನಿಯಾಗಿನ ಹೊಸ್ತಿಲಾ ದಾಟಸಾಕ, ಸಾಲಿ ಕಟ್ಟಿ ಏರಸಾಕ, ಬಸ್ಸ ಹತ್ತಸಾಕ. ಕುರಿಗಿ ಹಲಗಿ ಇಡ್ತೇನಿ. ಮಗಳಿಗಿ ಇಡಬೇಕಂತ ಒಂದಿನಾನೂ ನೆಪ್ಪ ಆಗಲಿಲ್ಲ ನೋಡ್ರಿ."

ಮರುದಿನವೇ ಹಲಗೆ ಬಿಜಾಪುರಕ್ಕೆ ಬಂತು. ಬಸ್ಸಿನ ಕಂಡಕ್ಟರ್, "ಲೇ ಮಾಳಪ್ಪಾ, ಕುರಿ ಎಲ್ಲಿ ಬಿಟ್ಟು ಬರೇ ಹಲಗಿ ಹತ್ತಿಸಾಕತ್ತೀಯೋ?" ಎಂದು ಕೇಳಿದನಂತೆ. ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲ, ಗೊರಸು ಜಾರದಿರಲೆಂದು ಅಡ್ಡಡ್ಡ ಪಟ್ಟಿ ಹೊಡೆದದ್ದು. ಹುಸೇನಸಾಬ ಮತ್ತು ಮಾಳಪ್ಪ ಅದನ್ನು ಕಲ್ಲು ಮೆಟ್ಟಿಲ ಮೇಲೆ ಆನಿಸಿದರು. ಮೆಟ್ಟಿಲು ಮೂರು, ಒಂದೊಂದು ಆರು ಇಂಚು. ನಾನು ನೋಡಿದ ಕೂಡಲೇ ಲೆಕ್ಕ ಹಾಕಿದೆ. ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ ಬೇಕು. ಇದು ಏಳು. ಕುರ್ಚಿ ಹಿಂದಕ್ಕೆ ಮಗುಚುತ್ತದೆ ಎಂದು ಗೊತ್ತಾಯಿತು. ಆದರೆ ಮಾಳಪ್ಪನ ಮುಖದಲ್ಲಿ ಅಷ್ಟು ಬೆಳಕಿತ್ತು. ನಾನು ಮೇಲಿನ ಮೆಟ್ಟಿಲ ಮೇಲೆ ನಿಂತು ಸುಮ್ಮನಾದೆ.

ಕಸ್ತೂರಿ ಉಸಿರು ಹಿಡಿದು ಗಾಲಿ ತಳ್ಳಿದಳು. ಮೊದಲ ಪಟ್ಟಿ ದಾಟಿತು. ಎರಡನೆಯದು ದಾಟಿತು. ಮೂರನೆಯದಕ್ಕೆ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಗಾಳಿಗೆ ಎದ್ದವು. ಒಂದು ಕ್ಷಣ ಆಕೆ ಆಕಾಶ ನೋಡುತ್ತಿದ್ದಳು. ಮಾಳಪ್ಪ ಹಿಂದಿನಿಂದ ಮೈ ಅಡ್ಡ ಕೊಟ್ಟದ್ದರಿಂದ ತಲೆ ಉಳಿಯಿತು. ಮೊಣಕೈ ಕಲ್ಲಿಗೆ ಉಜ್ಜಿ ರಕ್ತ ಬಂತು.

"ನಾ ಕುರಿ ಅಲ್ಲ ಯಪ್ಪಾ," ಎಂದು ಬಿದ್ದಲ್ಲೇ ನಕ್ಕಳು. ನಗು ನಿಂತ ಮೇಲೆ ನನ್ನತ್ತ ಕತ್ತು ಎತ್ತಿದಳು. "ಸರ, ನಿಮ್ಮ ಪುಸ್ತಕದಾಗ ಎಷ್ಟ ಉದ್ದ ಇರಬೇಕಂತ ಬರದಾರ?"

"ಒಂದಕ್ಕ ಹನ್ನೆರಡು," ಅಂದೆ. "ಇದಕ್ಕ ಹದಿನೆಂಟ ಅಡಿ ಆಗ್ತದ."

"ನಿಮಗ ಮದಲ ಗೊತ್ತಿತ್ತು?"

"ಗೊತ್ತಿತ್ತು."

ಆಕೆ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಹದಿನೆಂಟು ಅಡಿ ಎಂದಾಗ ಮಾಳಪ್ಪ ಹೆದರಲಿಲ್ಲ. "ಹಲಗಿ ಸಾಲಂಗಿಲ್ಲ, ಮಣ್ಣ ಸಾಲ್ತೈತಿ," ಅಂದ. ನಮ್ಮ ಕಡೆಯ ಮನೆಗಳ ಮಾಳಿಗೆ ಮಣ್ಣಿನದು. ಬಿಳಿ ಮಣ್ಣು ಹರವಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಬಡಿದು ಕೂರಿಸಿದರೆ ಎಂಥ ಮಳೆಗೂ ಒಂದು ಹನಿ ಕೆಳಗೆ ಬೀಳದು. ಆ ವಿದ್ಯೆಯನ್ನು ಅವನು ನೆಲಕ್ಕೆ ತಂದ. ಎರಡು ಭಾನುವಾರ, ಹಳೆಯ ಕಲ್ಲಿಗೆ ಉಳಿ ತಾಗಿಸದೆ, ಮೆಟ್ಟಿಲ ಮೇಲೆಯೇ ಮಣ್ಣು ಕೂರಿಸುತ್ತ ಅವನೂ ಹುಸೇನಸಾಬನೂ ಬಡಿದರು. ಹದಿನೆಂಟು ಅಡಿ ನೇರ ಹೋಗಲು ಬೇವಿನ ಮರ ಅಡ್ಡ ಬಂತು. ಇಳಿಜಾರು ಮರದ ಬುಡದಲ್ಲಿ ಸ್ವಲ್ಪ ಸಮತಟ್ಟಾಗಿ, ಆಕಳು ತಿರುಗುವ ಹಾಗೆ ನಿಧಾನ ತಿರುಗಿ, ಅಂಗಳಕ್ಕೆ ಇಳಿಯಿತು. ನನ್ನ ಪಾಲಿನ ಕೆಲಸ ದಾರ ಹಿಡಿದು ಅಳೆಯುವುದು. ಈ ಸಲ ಕೂಗಿ ಹೇಳಿದೆ: ಇಲ್ಲಿ ಎರಡು ಇಂಚು ಎತ್ತರ, ಇಲ್ಲಿ ತಗ್ಗು.

ಸೋಮವಾರ ಬೆಳಿಗ್ಗೆ ಕಸ್ತೂರಿ ಕೆಳಗಿನಿಂದ ಹೊರಟಳು. ಯಾರೂ ಮುಟ್ಟಲಿಲ್ಲ. ಗಾಲಿಯ ಸದ್ದು ಮಣ್ಣಿನ ಮೇಲೆ ಬೀಸುವ ಕಲ್ಲಿನ ಸದ್ದಿನ ಹಾಗೆ ಮೆತ್ತಗೆ ಕೇಳುತ್ತಿತ್ತು. ಮರದ ಬುಡದಲ್ಲಿ ನಿಂತು ಉಸಿರು ತೆಗೆದುಕೊಂಡಳು, ತಿರುಗಿದಳು, ಕಮಾನಿನ ಕೆಳಗೆ ಹಾದು ಖೋಲಿಯ ಒಳಗೆ ಹೋದಳು. ಮೇಣದ ಪಾತ್ರೆಯ ಪಕ್ಕ ನಿಂತು ಹಿಂದಿರುಗಿ ನೋಡಿದಳು. ಆಕೆಯ ಹಿಂದೆಯೇ ಅರಕೇರಿಯ ಮುದುಕರನ್ನು ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸಿ ಅವರ ಮಗಳು ತಳ್ಳಿಕೊಂಡು ಬಂದಳು. ಹುಸೇನಸಾಬ ಬಾಗಿಲಲ್ಲಿ ನಿಂತಿದ್ದ. ಅವನ ಎರಡು ದೊಡ್ಡ ಕೈಗಳು ಎಲ್ಲಿ ಇರಬೇಕೋ ತಿಳಿಯದೆ ಒಮ್ಮೆ ಬೆನ್ನ ಹಿಂದೆ ಹೋದವು, ಒಮ್ಮೆ ಎದೆಯ ಮೇಲೆ ಬಂದವು. "ಅಜ್ಜಾ, ಇನ್ನ ಮಳಿ ಸುದ್ದಿ ಯಾರಿಗಿ ಕೇಳ್ಲಿ ನಾ?" ಅಂದ. ಮುದುಕರು, "ತಳ್ಳಕೋತ ಕೇಳೋ," ಅಂದರು. ಅವನು ಹಿಡಿಕೆಗೆ ಕೈ ಹಾಕಿದ. ಆ ಕೈಗಳಿಗೆ ಕೆಲಸ ಸಿಕ್ಕಿತು.

ದೇಸಾಯಿ ಸರ ಬಂದರು. ಇಳಿಜಾರಿನ ಮೇಲೆ ತಾವೇ ಒಮ್ಮೆ ನಡೆದು ಮೇಲೆ ಹೋದರು, ಮತ್ತೆ ಇಳಿದರು. "ಪರವಾನಗಿ ಯಾರದು?" ಎಂದು ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದರು. "ಪಟ್ಟಿ ಇನ್ನೂ ಎಂಟ ದಿನ ನನ್ನ ಹತ್ರ ಇರ್ತದ, ಆಮ್ಯಾಲೆ ಮ್ಯಾಲಿನ ಕಚೇರಿಗೆ ಹೋಗ್ತದ. ಆ ದಿನದ ಟಿಪ್ಪಣಿಯಾಗ ಆಕಿ ಬರಲಿಲ್ಲ ಅಂತ ಅದ. ನೀ ಬರದದ್ದು. ನಾ ಸಹಿ ಮಾಡಿದವ, ನಾನ ತಿದ್ದಾಕ ಬರಂಗಿಲ್ಲ. ಯಾಕ ಬರಲಿಲ್ಲ ಅನ್ನೂದನ್ನ ನೋಡಿದವರು ಬರದು ಕೊಟ್ರ, ಜೋಡಿ ಹಚ್ಚಿ ಆಕಿ ಹೆಸರಿಗೆ ಶಿಫಾರಸು ಮಾಡ್ತೇನಿ. ನೋಡಿದವ ನೀನ."

ಎಂಟು ದಿನ. ಬರೆಯಬೇಕಾದದ್ದು ಹತ್ತು ಸಾಲು. ಕಾಯಂ ಆಗದವನು ಕಮಿಟಿಯ ತಪ್ಪು ಎತ್ತಿ ಬರೆದರೆ ಏನಾದೀತು ಎಂಬ ಅಳುಕು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಅದನ್ನು ಅಳುಕು ಎಂದು ಕರೆಯಲಿಲ್ಲ. ಖಚಿತತೆ ಎಂದು ಕರೆದೆ. ಮೆಟ್ಟಿಲಿನ ಎತ್ತರ ಸರಿಯಾಗಿ ಬರೆಯಬೇಕಲ್ಲ? ಮೂರನೆಯದು ನಡುವೆ ಸವೆದಿತ್ತು. ನಡುವೆ ಅಳೆಯಬೇಕೋ, ಅಂಚಿಗೆ ಅಳೆಯಬೇಕೋ? ಮೆಟ್ಟಿಲು ಮಣ್ಣಿನ ಕೆಳಗೆ ಹೋಗಿತ್ತು, ಅಂಚಿನ ಮಣ್ಣು ಕೆದರಿ ನೋಡಿದೆ. ಅದರಲ್ಲೇ ಮೂರು ದಿನ ಹೋಯಿತು. ಆಕೆ ಕಾದದ್ದು ಅರ್ಧ ತಾಸೋ, ಮೂವತ್ತೈದು ನಿಮಿಷವೋ? ಹುಸೇನಸಾಬನನ್ನು ಕೇಳಿದೆ. "ಗಡಿಯಾರ ಯಾರ ನೋಡಿದ್ರು ಸಾಹೇಬ್ರ, ನಾ ಆಕಿ ಮಾರಿ ನೋಡಾಕತ್ತಿದ್ದೆ" ಅಂದ. ಆರು ಸಲ ಬರೆದು ಹರಿದೆ. ಏಳನೆಯದು ಚೆನ್ನಾಗಿ ಬಂತು. ಇಂಚು, ನಿಮಿಷ, ಯಾರು ಏನಂದರು, ಎಲ್ಲ. ಒಯ್ದು ಕೊಟ್ಟೆ.

ದೇಸಾಯಿ ಸರ ಓದಿ ಮೇಜಿನ ಮೇಲಿಟ್ಟರು. "ಪಟ್ಟಿ ನಿನ್ನೆ ಹೋತಲ್ಲೋ."

ಅಂದು ಒಂಬತ್ತನೆಯ ದಿನ. ಅವರು ಆ ಕಾಗದವನ್ನು ಅನಂತರ ಕಳಿಸಿದರು, ಉತ್ತರ ಬರಲಿಲ್ಲ. ಮರುವರ್ಷ ಆ ತರಬೇತಿಯನ್ನೇ ಬೇರೆ ಊರಿಗೆ ಒಯ್ದರು. ಅಲ್ಲಿ ಎಷ್ಟು ಮೆಟ್ಟಿಲಿದ್ದವೋ ತಿಳಿಯದು.

ಕಾಗದದ ಒಂದು ಪ್ರತಿಯನ್ನು ಕಸ್ತೂರಿಗೆ ತೋರಿಸಿದೆ. ಯಾಕೆ ತೋರಿಸಿದೆನೋ! ಕ್ಷಮೆ ಕೇಳುವ ಬದಲು ಬರವಣಿಗೆ ತೋರಿಸುವುದು ನನ್ನಂಥವರ ಚಾಳಿ. ಆಕೆ ಬೇವಿನ ಬುಡದಲ್ಲಿ, ಇಳಿಜಾರಿನ ತಿರುವಿನಲ್ಲಿ ಕೂತು ಕೊನೆಯ ತನಕ ಓದಿದಳು. ಒಂದು ಹೂವು ಕಾಗದದ ಮೇಲೆ ಬಿತ್ತು, ಊದಿ ಹಾರಿಸಿದಳು.

"ಭಾಳ ಚಂದ ಬರದೀರಿ ಸರ," ಅಂದಳು. ದನಿಯಲ್ಲಿ ಚುಚ್ಚು ಇರಲಿಲ್ಲ. "ಎಲ್ಲಾರೂ ಎಲ್ಲಿ ನಿಂತಿದ್ರಂತ ಬರದೀರಿ. ಯಪ್ಪಾ ಎಲ್ಲಿ, ಕಾಕಾ ಎಲ್ಲಿ, ದೇಸಾಯಿ ಸರ ಎಲ್ಲಿ. ನೀವು ಎಲ್ಲಿ ನಿಂತಿದ್ರಿ ಅನ್ನೂದೊಂದ ಬಿಟ್ಟೀರಿ."

ಕಾಗದ ಮಡಚಿ ಕೊಟ್ಟಳು.

ಮುಂದೆ ಆಕೆ ತಿಕೋಟಾದಲ್ಲಿ ಒಂದು ಖೋಲಿ ಹಿಡಿದು ಪೋಲಿಯೋ ಆದ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದಳು. ಒಮ್ಮೆ ಹೋಗಿದ್ದೆ. ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ. ಆ ಕುರಿ ಹತ್ತಿಸುವ ಹಲಗೆ ಗೋಡೆಗುಂಟ ಬೆಂಚಾಗಿ ಕೂತಿತ್ತು. ಅದರ ಮೇಲೆ ತಾಯಂದಿರು. ಕಳ್ಳಕವಟಗಿ ಊರಿನ ಒಂದು ಹೆಣ್ಣು ಮಗುವಿಗೆ ಕಸ್ತೂರಿ ಬೀಳುವುದನ್ನು ಕಲಿಸುತ್ತಿದ್ದಳು. "ಬೀಳವಾ, ಬೀಳು, ಹೆದರಬ್ಯಾಡ, ಕೈ ಮುಂದ ಹಾಕು. ಬೀಳಾಕ ಬಂದ್ರ ಏಳಾಕ ಬರ್ತೈತಿ." ಸರ್ಟಿಫಿಕೇಟು ಆಕೆಗೆ ಎಂದೂ ಸಿಗಲಿಲ್ಲ. ಗೋಡೆಯ ಮೇಲೆ ಅದು ಇರಬೇಕಾದ ಜಾಗದಲ್ಲಿ ಒಂದು ಕನ್ನಡಿ ಇತ್ತು. ಚಹಾ ಕೊಟ್ಟಳು. ಹಳೆಯ ಮಾತು ಇಬ್ಬರೂ ಎತ್ತಲಿಲ್ಲ.

ಈಗಲೂ ಕೆಲವು ಸಲ ನಿದ್ದೆಯಲ್ಲಿ ಆ ಹಲಗೆ ಬರುತ್ತದೆ. ತಿಕೋಟಾದ ಬಯಲಿನಲ್ಲಿ ಅದರ ಒಂದು ತುದಿ, ಬಿಜಾಪುರದ ಕಲ್ಲು ಕಮಾನಿಗೆ ಇನ್ನೊಂದು. ಎರೆ ಹೊಲಗಳ ಮೇಲೆ ಅಷ್ಟು ಉದ್ದಕ್ಕೆ, ಗೊತ್ತೇ ಆಗದಷ್ಟು ಸಣ್ಣ ಏರಿನಲ್ಲಿ ಮಲಗಿರುತ್ತದೆ. ಮುಂದೆ ಆ ಗತ್ತಿನ ಆಡು, ಹಿಂದೆ ಕುರಿಗಳು, ಅವುಗಳ ನಡುವೆ ಕುರ್ಚಿಗಳು, ಅರಕೇರಿಯ ಮುದುಕರು ತಮ್ಮ ಕೈಯನ್ನು ಬೈಯುತ್ತ. ಯಾರೂ ಯಾರನ್ನೂ ಎತ್ತುವುದಿಲ್ಲ. ನಾನು ಎಲ್ಲಿದ್ದೇನೆ ಎಂದು ಆ ಕನಸಿನಲ್ಲಿ ಹುಡುಕುತ್ತೇನೆ. ಸಿಗುವುದಿಲ್ಲ.

"ಅಜ್ಜಾರ, ಆತ್ರಿ," ಎಂದು ಹುಡುಗಿ ಟವೆಲ್ ಬಿಚ್ಚಿದಳು. ಮೇಣ ಕೈಯ ಆಕಾರದಲ್ಲೇ ಬಿಟ್ಟು ಬಂತು, ಬಿಳಿಯದೊಂದು ಖಾಲಿ ಕೈ. ನನ್ನ ಬೆರಳು ಮಡಚಿದವು. ಹೊರಗೆ ಬಂದೆ. ಚಿಕಿತ್ಸಾಲಯದ ಮುಂದೆ ಮೆಟ್ಟಿಲಿವೆ, ಪಕ್ಕದಲ್ಲಿ ಇಳಿಜಾರೂ ಇದೆ. ಈಗ ಕಾನೂನು ಇದೆಯಲ್ಲ. ಉಕ್ಕಿನ ಕಂಬಿ, ನೀಲಿ ಬಣ್ಣದ ಗುರುತಿನ ಹಲಗೆ. ಇಳಿಜಾರಿನ ಮೇಲೆ ನಾಲ್ಕು ಮೋಟಾರ್ ಸೈಕಲ್ ನಿಂತಿದ್ದವು, ತಿರುವಿನಲ್ಲಿ ಎರಡು ಹೂವಿನ ಕುಂಡ. ಒಳಗೆ ಹೋಗುವಾಗಲೇ ನೋಡಿದ್ದೆ. ನೋಡಿ ಒಳಗೆ ಹೋಗಿದ್ದೆ. ಈಗ ಒಂದು ಆಟೋ ಬಂದು ನಿಂತಿತು. ಇಬ್ಬರು ಗಂಡುಮಕ್ಕಳು ತಾಯಿಯನ್ನು ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಪ್ರೀತಿಯಿಂದಲೇ. ಆಕೆ ಒಂದು ಕೈಯಲ್ಲಿ ಸೀರೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಯಾರ ಮುಖವನ್ನೂ ನೋಡದೆ ನನ್ನ ಪಕ್ಕದಿಂದಲೇ ಹಾದು ಹೋದಳು.

ನಾನು ಕೆಳಗಿಳಿದೆ. ಕುಂಡಗಳನ್ನು ಒಂದೊಂದಾಗಿ ಗೋಡೆಗೆ ಸರಿಸಿದೆ. ಬೆಚ್ಚಗಿನ ಬೆರಳು ಅಷ್ಟಕ್ಕೆ ಸಾಕಾದವು. ಮೋಟಾರ್ ಸೈಕಲ್ ನನ್ನಿಂದ ಅಲುಗಲಿಲ್ಲ. ಇಳಿಜಾರಿನ ಉದ್ದವನ್ನು ಅಳೆಯಬೇಕು ಅನ್ನಿಸಿತು, ಹೆಜ್ಜೆ ಎತ್ತಿಯೂ ಆಗಿತ್ತು. ಅಲ್ಲಿಗೇ ನಿಂತೆ. ತಿರುಗಿ ಒಳಗೆ ಹೋಗಿ, ಕೌಂಟರಿನ ಹುಡುಗಿಯನ್ನು ದೂರಿನ ಪುಸ್ತಕ ಕೇಳಿದೆ.

"ಏನಾತ್ರಿ ಅಜ್ಜಾರ? ಮೇಣ ಸುಟ್ಟಿತೇನ್ರಿ?"

"ಇಲ್ಲವ್ವಾ. ಪುಸ್ತಕಾ ಕೊಡು."

ಇಂಚು ಬರೆಯಲಿಲ್ಲ, ನಿಮಿಷ ಬರೆಯಲಿಲ್ಲ. ಇಳಿಜಾರಿನ ಮೇಲೆ ಗಾಡಿ ನಿಂತಿರುವುದರಿಂದ ಒಬ್ಬ ತಾಯಿಯನ್ನು ಎತ್ತಿ ತರಬೇಕಾಯಿತು, ಗಾಡಿ ಇವತ್ತೇ ತೆಗೆಸಬೇಕು ಎಂದು ಬರೆದೆ. ಅಕ್ಷರ ದುಂಡಗೆ ಬರಲಿಲ್ಲ, ಸೊಟ್ಟಗೆ ಓಡಿದವು. ಸಹಿ ಹಾಕುವ ಮುನ್ನ ಇನ್ನೊಂದು ಸಾಲು ಸೇರಿಸಿದೆ: ಇದು ನಡೆದಾಗ ನಾನು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದೆ.